ನಡುಬಿಂದುವನ್ನು ಅರಸಿದ ಕರ್ನಲ್ ಲ್ಯಾಂಬ್ಟನ್

ಅಳತೆಯೆಂಬುದು ಮಾನವನು ಕಲಿತ ವಿದ್ಯೆಗಳಲ್ಲಿ ಅತಿ ಹಳೆಯದು. ಬಟ್ಟೆಗೆ ಗಜ, ಧಾನ್ಯಕ್ಕೆ ಸೇರು ಕೊಳಗ, ಹೊಲಕ್ಕೆ ಸರಪಳಿ, ಹೊತ್ತಿಗೆ ಗಳಿಗೆ. ಇವಿಲ್ಲದೆ ಸಂಸಾರವೂ ಸಾಗದು, ಸರ್ಕಾರವೂ ಸಾಗದು. ಆದರೂ ಅಳೆದವನ ಹೆಸರನ್ನು ಚರಿತ್ರೆಯು ನೆನಪಿನಲ್ಲಿಡುವುದು ಅಪರೂಪ. ಆಳಿದವರೂ ಕಾದಿದವರೂ ಕಟ್ಟಿಸಿದವರೂ ನಮ್ಮ ಪಠ್ಯಪುಸ್ತಕಗಳಲ್ಲಿ ಸ್ಥಾನ ಪಡೆದಿದ್ದಾರೆ. 1799ರ ಶ್ರೀರಂಗಪಟ್ಟಣದ ಯುದ್ಧವನ್ನು ನಾವೆಲ್ಲರೂ ಓದಿದ್ದೇವೆ. ಟಿಪ್ಪುಸುಲ್ತಾನ, ಜನರಲ್ ಹ್ಯಾರಿಸ್, ಬೇರ್ಡ್, ವೆಲ್ಲೆಸ್ಲಿ ಇವರ ಹೆಸರುಗಳು ನಮಗೆ ಬಾಯಿಪಾಠ. ಆದರೆ ಅದೇ ಸೈನ್ಯದಲ್ಲಿದ್ದು, ಯುದ್ಧ ಮುಗಿದ ಮರುವರ್ಷವೇ ನಮ್ಮ ಬೆಂಗಳೂರಿನ ಬಯಲಿನಲ್ಲಿ ಸರಪಳಿ ಹಾಸಿ ಕುಳಿತ ವಿಲಿಯಂ ಲ್ಯಾಂಬ್ಟನ್ನನನ್ನು ಬಲ್ಲವರು ವಿರಳ.

ಆತನ ಹೆಸರಿನ ಬಳಿಗೆ ನನ್ನನ್ನು ಕರೆದೊಯ್ದದ್ದು ಇತಿಹಾಸದ ಪುಸ್ತಕವಲ್ಲ. ಕಣವೇಗವರ್ಧಕಗಳೆಂಬ ಮಹಾಯಂತ್ರಗಳಲ್ಲಿ ಅಯಸ್ಕಾಂತಗಳ ನಡುಬಿಂದುವನ್ನು ಹೇಗೆ ಗುರುತಿಸುತ್ತಾರೆಂಬ ವಿಷಯವನ್ನು ಓದುತ್ತಿದ್ದಾಗ, ಆ ಕೆಲಸವನ್ನು ಮಾಡುವವರು ಬಹುಮಟ್ಟಿಗೆ ಮೋಜಣಿಯ ವಿದ್ಯೆ ಕಲಿತವರೆಂದು ತಿಳಿದು ಆಶ್ಚರ್ಯವಾಯಿತು. ಹೊಲದ ಗಡಿ ಅಳೆಯುವ ವಿದ್ಯೆಗೂ ಕಣ್ಣಿಗೆ ಕಾಣದ ಕಣಗಳನ್ನು ನಡೆಸುವ ಯಂತ್ರಕ್ಕೂ ಏನು ನಂಟು? ಈ ಪ್ರಶ್ನೆಯ ಬೆನ್ನು ಹತ್ತಿ ಹಿಂದಕ್ಕೆ ಹಿಂದಕ್ಕೆ ಹೋದರೆ, ನಮ್ಮ ನಾಡಿನ ಮಟ್ಟಿಗೆ ದಾರಿಯು ಲ್ಯಾಂಬ್ಟನ್ನನ ಗುಡಾರದ ಬಾಗಿಲಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಮೊದಲು ಆತನ ಜೀವನವನ್ನು ಹೇಳಿ, ಅಯಸ್ಕಾಂತಗಳ ಮಾತನ್ನು ಕಡೆಯಲ್ಲಿ ಎತ್ತಿಕೊಳ್ಳುತ್ತೇನೆ.

ಲ್ಯಾಂಬ್ಟನ್ನನು 1750ರ ದಶಕದಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ನಾರ್ಥಲರ್ಟನ್ ಎಂಬ ಊರಿನ ಹತ್ತಿರ, ಒಂದು ಬಡ ಒಕ್ಕಲು ಕುಟುಂಬದಲ್ಲಿ ಜನಿಸಿದನು. ಹುಟ್ಟಿದ ವರ್ಷವನ್ನು ಕೆಲವರು 1753 ಎನ್ನುವರು, ಕೆಲವರು 1756 ಎನ್ನುವರು. ಲೋಕವನ್ನೆಲ್ಲ ಅಂಗುಲ ಲೆಕ್ಕದಲ್ಲಿ ಅಳೆಯಹೊರಟವನ ವಯಸ್ಸೇ ಮೂರು ವರ್ಷ ಹೆಚ್ಚು ಕಡಮೆಯಾಗಿರುವುದು ವಿಧಿಯ ವಿನೋದವೆನ್ನಬೇಕು. ಊರಿನ ಶಾಲೆಯಲ್ಲಿ ಗಣಿತದಲ್ಲಿ ಜಾಣನೆನಿಸಿಕೊಂಡು, 1781ರಲ್ಲಿ ಸೈನ್ಯಕ್ಕೆ ಸೇರಿದನು. ಆಗ ಅಮೆರಿಕದ ಸ್ವಾತಂತ್ರ್ಯಯುದ್ಧ ನಡೆಯುತ್ತಿತ್ತು. ಯಾರ್ಕ್‌ಟೌನಿನಲ್ಲಿ ಕಾರ್ನ್‌ವಾಲೀಸನು ಶರಣಾದಾಗ ಲ್ಯಾಂಬ್ಟನ್ನನೂ ಸೆರೆಸಿಕ್ಕನು. ಬಿಡುಗಡೆಯಾದ ಮೇಲೆ ಇಂದಿನ ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರದೇಶದಲ್ಲಿ ಸೈನಿಕರ ವಸತಿಗಳನ್ನು ನೋಡಿಕೊಳ್ಳುವ ಸಣ್ಣ ಉದ್ಯೋಗದಲ್ಲಿ ನಿಂತು, ಸುಮಾರು ಹದಿಮೂರು ವರ್ಷಗಳನ್ನು ಕಳೆದನು. ಕಾಡು, ಹಿಮ, ಏಕಾಂತ. ಮುಂದೆ ಹೆಸರು ಮಾಡುವ ಲಕ್ಷಣವೊಂದೂ ಹೊರಗೆ ತೋರುತ್ತಿರಲಿಲ್ಲ. ಆದರೆ ಆ ದೀರ್ಘ ಏಕಾಂತದಲ್ಲಿಯೇ ಆತನು ಭೂಮಿಯ ಆಕಾರವನ್ನು ಕುರಿತ ಗಣಿತಗ್ರಂಥಗಳನ್ನು ತಾನೇ ಓದಿ ಜೀರ್ಣಿಸಿಕೊಂಡನು. ಅಲ್ಲಿಯೇ ಒಂದು ಸೂರ್ಯಗ್ರಹಣವನ್ನು ಮಸಿ ಹಿಡಿದ ಗಾಜಿಲ್ಲದೆ ನೋಡಿ ಒಂದು ಕಣ್ಣಿನ ದೃಷ್ಟಿಯನ್ನು ಕೆಡಿಸಿಕೊಂಡನು. ಮುಂದಿನ ಕೆಲಸವನ್ನೆಲ್ಲ ಆತನು ಮಾಡಿದ್ದು ಉಳಿದ ಒಂದು ಕಣ್ಣಿನಿಂದ ಎಂಬುದನ್ನು ನೆನೆಯಬೇಕು.

ನಲವತ್ತು ದಾಟಿದ ಮೇಲೆ, 33ನೆಯ ರೆಜಿಮೆಂಟಿನೊಡನೆ ಆತನು ಭಾರತಕ್ಕೆ ಬಂದನು. ಆ ರೆಜಿಮೆಂಟಿನ ಅಧಿಕಾರಿ ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್. 1799ರಲ್ಲಿ ಟಿಪ್ಪುವಿನ ಮೇಲೆ ದಂಡು ಹೊರಟಾಗ ಲ್ಯಾಂಬ್ಟನ್ನನು ಜನರಲ್ ಬೇರ್ಡನ ಕೈಕೆಳಗಿನ ಅಧಿಕಾರಿಯಾಗಿದ್ದನು. ಶ್ರೀರಂಗಪಟ್ಟಣದ ಸಮೀಪ, ಏಪ್ರಿಲ್ ತಿಂಗಳ ಒಂದು ರಾತ್ರಿ, ಬೇರ್ಡನ ತುಕಡಿಯು ತನ್ನ ಪಾಳೆಯದ ಕಡೆಗೆ ಉತ್ತರಾಭಿಮುಖವಾಗಿ ನಡೆಯುತ್ತಿದ್ದೇನೆಂದು ಭ್ರಮಿಸಿ ದಕ್ಷಿಣಕ್ಕೆ, ನೇರವಾಗಿ ಟಿಪ್ಪುವಿನ ಸೈನ್ಯದ ಬಾಯಿಗೆ, ನಡೆಯತೊಡಗಿತು. ಕತ್ತಲಲ್ಲಿ ಯಾರಿಗೂ ಇದು ತಿಳಿಯಲಿಲ್ಲ. ಲ್ಯಾಂಬ್ಟನ್ನನು ತಲೆಯೆತ್ತಿ ನಕ್ಷತ್ರಗಳನ್ನು ನೋಡಿ, ದಿಕ್ಕು ತಪ್ಪಿದೆಯೆಂದು ತಿಳಿಸಿದನು. ಜನರಲ್ಲನು ಮೊದಲು ಒಪ್ಪಲಿಲ್ಲವಂತೆ. ಕಡೆಗೆ ಬೆಳಕು ಹಿಡಿದು ದಿಕ್ಸೂಚಿಯನ್ನು ನೋಡಿದಾಗ ನಕ್ಷತ್ರಗಳ ಸಾಕ್ಷಿಯೇ ದಿಟವಾಯಿತು. ತುಕಡಿಯು ಹಿಂದಿರುಗಿತು. ಮೇ 4ರಂದು ಕೋಟೆಯು ಬಿದ್ದು ಟಿಪ್ಪುವು ಹತನಾದನು.

ಗೆದ್ದ ನಾಡನ್ನು ಅಳೆಯಬೇಕೆಂಬ ಆತುರ ಕಂಪನಿಗೆ ಸಹಜವಾಗಿತ್ತು. ಕಂದಾಯ ಹಾಕಲು, ದಂಡು ನಡೆಸಲು ನಕ್ಷೆ ಬೇಕು. ಮೈಸೂರು ಸೀಮೆಯ ಊರು, ಕೆರೆ, ಗಡಿಗಳ ಮೋಜಣಿಗೆ ಕಾಲಿನ್ ಮೆಕೆಂಜಿಯು ನೇಮಕವಾದನು. ಲ್ಯಾಂಬ್ಟನ್ನನ ಆಸೆಯು ಬೇರೆ ಬಗೆಯದು. ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಯವರೆಗೆ ತ್ರಿಕೋನಗಳ ಜಾಲವನ್ನು ಹರಡಿ, ಪ್ರತಿಯೊಂದು ಮುಖ್ಯ ಸ್ಥಳವನ್ನೂ ಗಣಿತದಿಂದ ಸ್ಥಿರಪಡಿಸಬೇಕು. ಅದರ ಜೊತೆಯಲ್ಲಿಯೇ ಭೂಮಿಯು ಧ್ರುವಗಳಲ್ಲಿ ಎಷ್ಟು ಚಪ್ಪಟೆಯಾಗಿದೆ ಎಂಬುದನ್ನೂ ಕಂಡುಹಿಡಿಯಬೇಕು ಎಂಬುದು ಆತನ ಸಂಕಲ್ಪ. ವೆಲ್ಲೆಸ್ಲಿಯ ಬೆಂಬಲದಿಂದ ಮದರಾಸು ಸರ್ಕಾರ ಇದಕ್ಕೆ ಒಪ್ಪಿತು. ವಿರೋಧವೂ ಇಲ್ಲದಿರಲಿಲ್ಲ. ಹಣಕಾಸಿನ ಅಧಿಕಾರಿಯೊಬ್ಬನು, ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ತನ್ನ ಪಲ್ಲಕ್ಕಿಯ ಬೋಯಿಗಳಿಗೆ ಹೇಳಿದರೆ ಸಾಕು, ಅವರು ನಕ್ಷೆಯ ಹಂಗಿಲ್ಲದೆ ಕರೆದುಕೊಂಡು ಹೋಗುತ್ತಾರೆ ಎಂದು ಹಾಸ್ಯ ಮಾಡಿದನಂತೆ. ಮಾತು ಸುಳ್ಳಲ್ಲ. ಆ ಪಲ್ಲಕ್ಕಿಯು ಬೆಂಗಳೂರಿನ ಮೇಲೆ ಬಂದಿದ್ದರೆ ಪ್ರಾಯಶಃ ನಮ್ಮ ಕೆಂಗೇರಿಯನ್ನೇ ದಾಟಿ ಹೋಗುತ್ತಿತ್ತು. ಆದರೆ ಬೋಯಿಗೆ ತಿಳಿದಿರುವುದು ದಾರಿ. ದಾರಿಯನ್ನು ತಿಳಿಯುವುದು ಬೇರೆ, ಸ್ಥಾನವನ್ನು ತಿಳಿಯುವುದು ಬೇರೆ. ಆ ಅಧಿಕಾರಿಗೆ ಈ ಭೇದ ಹೊಳೆಯಲಿಲ್ಲ.

ತ್ರಿಕೋನ ಮೋಜಣಿಯ ತತ್ತ್ವವು ನಮ್ಮ ಪ್ರೌಢಶಾಲೆಯ ಗಣಿತವೇ. ಒಂದು ತ್ರಿಕೋನದ ಒಂದು ಭುಜವೂ ಎರಡು ಕೋನಗಳೂ ತಿಳಿದರೆ ಉಳಿದ ಎರಡು ಭುಜಗಳನ್ನು ಲೆಕ್ಕದಿಂದ ಪಡೆಯಬಹುದು. ಹೀಗೆ ದೊರೆತ ಭುಜವು ಮುಂದಿನ ತ್ರಿಕೋನಕ್ಕೆ ಆಧಾರ. ಆದ್ದರಿಂದ ನೆಲದ ಮೇಲೆ ಸರಪಳಿಯಿಂದ ಅಳೆಯಬೇಕಾದದ್ದು ಮೊದಲ ಭುಜವೊಂದನ್ನು ಮಾತ್ರ. ಉಳಿದದ್ದೆಲ್ಲ ಬೆಟ್ಟದಿಂದ ಬೆಟ್ಟಕ್ಕೆ ಕೋನ ಹಿಡಿಯುವ ಕೆಲಸ. ಆದರೆ ಆ ಮೊದಲ ಭುಜದಲ್ಲಿ ದೋಷ ಉಳಿದರೆ ನೂರಾರು ಮೈಲಿಗಳವರೆಗೆ ಅದು ಬೆಳೆಯುತ್ತಲೇ ಹೋಗುತ್ತದೆ. ಈ ಮೊದಲ ಭುಜಕ್ಕೆ ಆಧಾರರೇಖೆಯೆಂದು ಹೆಸರು.

ಲ್ಯಾಂಬ್ಟನ್ನನ ಮೊತ್ತಮೊದಲ ಆಧಾರರೇಖೆಯು 1800ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬೆಂಗಳೂರಿನ ಪೂರ್ವದ ಬಯಲಿನಲ್ಲಿ, ಬಾಣಸವಾಡಿಯ ಹತ್ತಿರದಿಂದ ಅಗರದ ಹತ್ತಿರದವರೆಗೆ, ಅಳೆಯಲ್ಪಟ್ಟಿತು. ಉದ್ದ ಸುಮಾರು 7.4 ಮೈಲಿ. ಇಂದು ಆ ನೆಲದಲ್ಲಿ ಇಂದಿರಾನಗರ, ದೊಮ್ಮಲೂರುಗಳ ಮನೆ ಮಾಳಿಗೆಗಳು ಎದ್ದು ನಿಂತಿವೆ. ಬಳಸಿದ್ದು ರ್ಯಾಮ್ಸ್‌ಡನ್ ಎಂಬ ಪ್ರಸಿದ್ಧ ಕುಶಲಕರ್ಮಿಯು ಮಾಡಿದ ನೂರು ಅಡಿಯ ಉಕ್ಕಿನ ಸರಪಳಿ. ಎರಡೂವರೆ ಅಡಿಯ ನಲವತ್ತು ಕೊಂಡಿಗಳು. ಈ ಸರಪಳಿಗೂ ಒಂದು ಕಥೆಯುಂಟು. ಇಂಗ್ಲೆಂಡಿನ ದೊರೆಯು ಮೆಕಾರ್ಟ್ನಿಯ ಮೂಲಕ ಚೀನಾದ ಚಕ್ರವರ್ತಿಗೆ ಕಳುಹಿಸಿದ ಕಾಣಿಕೆಗಳಲ್ಲಿ ಇದೂ ಒಂದಾಗಿತ್ತು. ಚಕ್ರವರ್ತಿಗೆ ಅದು ಬೇಡವಾಯಿತು. ಹಾಗಾಗಿ ಕಲ್ಕತ್ತೆಗೆ ಬಂದು, ಅಲ್ಲಿಂದ ಲ್ಯಾಂಬ್ಟನ್ನನ ಕೈಸೇರಿತು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಆದರೆ ಸರಪಳಿಯ ಮಾತು ನಮ್ಮವರಿಗೆ ಹೊಸದಲ್ಲ. ಕೆಂಗೇರಿ ಹೋಬಳಿಯ ಹಿರಿಯರಿಗೆ ಮೂವತ್ತಮೂರು ಅಡಿಯ ಸರಪಳಿ, ಅದರ ಹದಿನಾರು ಆಣೆ, ಒಂದು ಸರಪಳಿಯ ಚೌಕಕ್ಕೆ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ ಎಂಬುದೆಲ್ಲ ಮಗ್ಗಿಯಂತೆ ಬರುತ್ತಿತ್ತು. ಬಾಂದುಕಲ್ಲು ಒಂದು ಮೊಳ ಜರುಗಿದರೆ ದಾಯಾದಿಗಳಲ್ಲಿ ಎರಡು ತಲೆಮಾರು ಮಾತು ನಿಲ್ಲುವುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ಬಲ್ಲರು. ಆದ್ದರಿಂದ ಅಳತೆಯ ನ್ಯಾಯವೆಂದರೆ ಏನೆಂಬುದನ್ನು ನಾವು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ಆದರೆ ಹೊಲದ ಸರಪಳಿಯನ್ನು ನೆಲದ ಮೇಲೆಯೇ ಎಳೆಯುತ್ತಾರೆ. ಲ್ಯಾಂಬ್ಟನ್ನನ ಸರಪಳಿಯು ನೆಲವನ್ನು ಮುಟ್ಟುತ್ತಿರಲಿಲ್ಲ. ಮುಕ್ಕಾಲಿಗಳ ಮೇಲೆ ಮರದ ದೋಣಿಯಂತಹ ಪೆಟ್ಟಿಗೆಗಳನ್ನಿಟ್ಟು, ತಿರುಪುಗಳಿಂದ ಮಟ್ಟ ಮಾಡಿ, ಅದರಲ್ಲಿ ಸರಪಳಿಯನ್ನು ಮಲಗಿಸಿ, ತುದಿಗೆ ತೂಕ ಕಟ್ಟಿ ಬಿಗಿದು, ಪಕ್ಕದಲ್ಲಿ ಉಷ್ಣಮಾಪಕಗಳನ್ನಿರಿಸಿ ಅಳೆಯುತ್ತಿದ್ದನು. ಹೀಗೆ ನೂರು ನೂರು ಅಡಿಯಂತೆ ಸುಮಾರು ನಾಲ್ಕು ನೂರು ಸಲ.

ಉಷ್ಣಮಾಪಕವೇಕೆಂದು ಕೇಳಬಹುದು. ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. ನೂರು ಅಡಿಯ ಸರಪಳಿಯು ಫ್ಯಾರನ್‌ಹೀಟಿನ ಒಂದು ಡಿಗ್ರಿಗೆ ಹಿಗ್ಗುವುದು ಅಂಗುಲದ ನೂರಮೂವತ್ತನೆಯ ಒಂದು ಭಾಗದಷ್ಟು ಮಾತ್ರ. ಆದರೆ ಏಳು ಮೈಲಿಯ ರೇಖೆಯಲ್ಲಿ ಇದು ಡಿಗ್ರಿಗೆ ಮೂರು ಅಂಗುಲವಾಗುತ್ತದೆ. ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ಇಪ್ಪತ್ತು ಡಿಗ್ರಿ ಅಂತರವಿದ್ದರೆ ಐದು ಅಡಿಯ ತಪ್ಪು. ಇನ್ನೊಂದು ತೊಡಕೂ ಉಂಟು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿರುವುದರಿಂದ, ಇಲ್ಲಿಯ ಏಳು ಮೈಲಿಯನ್ನು ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದರೆ ಐದು ಅಡಿಗಿಂತಲೂ ಹೆಚ್ಚು ಕಡಮೆಯಾಗುತ್ತದೆ. ಇಂತಹ ತಿದ್ದುಪಡಿಗಳನ್ನೆಲ್ಲ ಮಾಡಿದ ಮೇಲೆಯೇ ಒಂದು ಅಂಕಿಯು ಅಂಕಿಯೆನಿಸಿಕೊಳ್ಳುವುದು.

ಇಷ್ಟು ಶ್ರಮಪಟ್ಟು ಅಳೆದ ಈ ರೇಖೆಯನ್ನು ಲ್ಯಾಂಬ್ಟನ್ನನು ಮುಂದೆ ತನ್ನ ಮಹಾಮೋಜಣಿಗೆ ಬುಡವಾಗಿ ಇಟ್ಟುಕೊಳ್ಳಲಿಲ್ಲ. ಕೋನಗಳನ್ನು ಅಳೆಯುವ ದೊಡ್ಡ ಥಿಯೊಡೊಲೈಟ್ ಯಂತ್ರವು ಇನ್ನೂ ಬಂದಿರಲಿಲ್ಲ. ಲಂಡನ್ನಿನ ಕ್ಯಾರಿ ಎಂಬಾತನು ತಯಾರಿಸಿದ ಆ ಯಂತ್ರದ ಅಡ್ಡ ವೃತ್ತಕ್ಕೆ ಮೂವತ್ತಾರು ಅಂಗುಲದ ವ್ಯಾಸ. ಒಟ್ಟು ತೂಕ ಅರ್ಧ ಟನ್. ಅದನ್ನು ತರುತ್ತಿದ್ದ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್ ದ್ವೀಪಕ್ಕೆ ಒಯ್ದರು. ಪೆಟ್ಟಿಗೆಯನ್ನು ತೆರೆದು, ಅದು ಯುದ್ಧದ ಯಂತ್ರವಲ್ಲ, ವಿದ್ಯೆಯ ಯಂತ್ರವೆಂದು ತಿಳಿದ ಅಲ್ಲಿಯ ಫ್ರೆಂಚ್ ಗವರ್ನರನು ಅದನ್ನು ಮರ್ಯಾದೆಯಿಂದ ಮದರಾಸಿಗೆ ಕಳುಹಿಸಿಕೊಟ್ಟನು. ವೈರಿಗಳ ನಡುವೆಯೂ ಉಳಿದಿದ್ದ ಈ ಸೌಜನ್ಯವು ಇಂದಿನವರಿಗೂ ಪಾಠವಾಗಬಲ್ಲದು. ಲ್ಯಾಂಬ್ಟನ್ನನು ಎಲ್ಲವನ್ನೂ ಹೊಸದಾಗಿ ಆರಂಭಿಸಿದನು. 1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ, ಸುಮಾರು ಏಳೂವರೆ ಮೈಲಿಯ ಆಧಾರರೇಖೆಗೆ ಸರಪಳಿ ಬಿತ್ತು. ಭಾರತದ ಮಹಾ ತ್ರಿಕೋನ ಮೋಜಣಿಯ ಜನ್ಮದಿನವೆಂದು ಈ ದಿನವನ್ನೇ ಎಣಿಸುವರು.

ಮದರಾಸಿನಿಂದ ತ್ರಿಕೋನಗಳು ಒಂದಕ್ಕೊಂದು ಕೈಕೊಟ್ಟುಕೊಂಡು ಘಟ್ಟ ಹತ್ತಿ ಮೈಸೂರು ಸೀಮೆಗೆ ಬಂದವು. ಬಂದ ಮೇಲೆ ಪರೀಕ್ಷೆ. 1804ರಲ್ಲಿ ಬೆಂಗಳೂರಿನ ಬಳಿ ಮತ್ತೆ ಒಂದು ಆಧಾರರೇಖೆಯನ್ನು ನೆಲದ ಮೇಲೆ ಅಳೆದರು. ಅಳೆದವನು ಲ್ಯಾಂಬ್ಟನ್ನನ ಸಹಾಯಕನಾದ ಜಾನ್ ವಾರನ್. ಇದೇ ವಾರನ್ನನು 1802ರಲ್ಲಿ ಕೋಲಾರದ ಕಡೆಯ ಮಣ್ಣಿನಲ್ಲಿ ಚಿನ್ನವಿರುವುದನ್ನು ಸರ್ಕಾರಕ್ಕೆ ವರದಿ ಮಾಡಿದವನು. ಇನ್ನೂರು ಮೈಲಿ ದೂರದ ಮದರಾಸಿನ ರೇಖೆಯಿಂದ ಲೆಕ್ಕ ಹಾಕುತ್ತ ಬಂದರೆ ಈ ಬೆಂಗಳೂರಿನ ರೇಖೆಯು ಎಷ್ಟು ಉದ್ದವಿರಬೇಕೋ, ಸರಪಳಿಯಿಂದ ಅಳೆದಾಗ ಎಷ್ಟು ಬಂತೋ, ಇವೆರಡರ ಅಂತರವು ಏಳು ಮೈಲಿಗೂ ಮೀರಿದ ಉದ್ದದಲ್ಲಿ ನಾಲ್ಕು ಅಂಗುಲಕ್ಕಿಂತ ಕಡಮೆಯಾಗಿತ್ತು. ಅಂತರವನ್ನು ಮುಚ್ಚಿಡದೆ ಅಂಕಿಸಹಿತ ಪ್ರಕಟಿಸಿದ್ದರಿಂದಲೇ ಲೋಕಕ್ಕೆ ನಂಬಿಕೆ ಹುಟ್ಟಿತು.

ಜಾಲವು ಮುಂದುವರಿದು ಮಂಗಳೂರಿನ ಕಡಲನ್ನು ಮುಟ್ಟಿತು. ಪರ್ಯಾಯದ್ವೀಪದ ಅಗಲವು ಹಳೆಯ ನಕ್ಷೆಗಳಲ್ಲಿ ಸುಮಾರು 400 ಮೈಲಿಯಿತ್ತು. ಲ್ಯಾಂಬ್ಟನ್ನನ ಲೆಕ್ಕದಲ್ಲಿ ಅದು ಸುಮಾರು 360ಕ್ಕೆ ಇಳಿಯಿತು. ಕಂಪನಿಯು ಕತ್ತಿಯಿಂದ ಗೆದ್ದ ನಾಡಿನಲ್ಲಿ ನಲವತ್ತು ಮೈಲಿಯನ್ನು ಈತನು ಗಣಿತದಿಂದ ಕಳೆದುಬಿಟ್ಟನು! ಆಮೇಲೆ ಬೆಂಗಳೂರಿನ ದೊಡ್ಡಗುಂಟೆಯನ್ನು ಒಂದು ಮುಖ್ಯ ಠಾಣ್ಯವನ್ನಾಗಿಟ್ಟುಕೊಂಡು, 78ನೆಯ ರೇಖಾಂಶದ ಆಸುಪಾಸಿನಲ್ಲಿ ದಕ್ಷಿಣೋತ್ತರವಾಗಿ ಮಹಾಚಾಪವನ್ನು ಎಳೆಯಲು ಆರಂಭಿಸಿದನು.

ಈ ಮಹಾಚಾಪದ ದಾರಿಯಲ್ಲಿಯೇ, 1808ರಲ್ಲಿ, ತಂಜಾವೂರಿನ ಅನಾಹುತವು ನಡೆಯಿತು. ಕಾವೇರಿಯ ಮುಖಜಭೂಮಿಯು ಚಪ್ಪಟೆ. ಎತ್ತ ನೋಡಿದರೂ ತೆಂಗು ತಾಳೆಗಳ ತೋಪು. ಯಂತ್ರವನ್ನು ಹೂಡಲು ಒಂದು ಗುಡ್ಡವೂ ಇಲ್ಲ. ಆದ್ದರಿಂದ ದೇವಾಲಯಗಳ ಗೋಪುರಗಳೇ ಗತಿಯಾದವು. ರಾಜರಾಜ ಚೋಳನು ಕಟ್ಟಿಸಿದ ಬೃಹದೀಶ್ವರ ದೇವಾಲಯದ ಎತ್ತರವಾದ ವಿಮಾನದ ಮೇಲಕ್ಕೆ ಅರ್ಧ ಟನ್ನಿನ ಯಂತ್ರವನ್ನು ಹಗ್ಗ ರಾಟೆಗಳಿಂದ ಏರಿಸುತ್ತಿದ್ದಾಗ, ಓಲಾಡದಂತೆ ಹಿಡಿದಿದ್ದ ಹಗ್ಗವು ಹರಿಯಿತು. ಪೆಟ್ಟಿಗೆಯು ತೂಗಿಬಂದು ಕಲ್ಲಿನ ಗೋಡೆಗೆ ಅಪ್ಪಳಿಸಿತು. ಒಳಗಿದ್ದ ವೃತ್ತವು ಬಗ್ಗಿಹೋಯಿತು.

ಈ ನಷ್ಟವು ಎಂತಹುದೆಂದು ತಿಳಿಯಲು ಎತ್ತಿನ ಗಾಡಿಯ ಗಾಲಿಯನ್ನು ನೆನೆಯಿರಿ. ನಡುವೆ ಅಚ್ಚು, ಅದರಿಂದ ಹೊರಟ ಅರಗಳು, ಹೊರಗೆ ಬಳೆ. ಥಿಯೊಡೊಲೈಟಿನ ವೃತ್ತವೂ ಇದೇ ಮಾದರಿಯದು. ಬಳೆಯ ಮೇಲೆ ಕೋನಗಳ ಸಣ್ಣ ಗೀರುಗಳಿರುತ್ತವೆ. ಬಳೆಯ ನಡುಬಿಂದುವೂ ಅಚ್ಚಿನ ನಡುಬಿಂದುವೂ ಒಂದೇ ಆಗಿದ್ದರೆ ಮಾತ್ರ ಗೀರುಗಳು ನಿಜವನ್ನು ಹೇಳುತ್ತವೆ. ಈ ಎರಡು ಬಿಂದುಗಳು ಅಂಗುಲದ ಸಾವಿರದಲ್ಲೊಂದು ಭಾಗ ಬೇರೆಯಾದರೂ ಒಂದು ಓದಿನಲ್ಲಿ ಹನ್ನೊಂದು ಸೆಕೆಂಡಿನಷ್ಟು ಕೋನವು ತಪ್ಪಬಹುದು. ಮೂವತ್ತು ಮೈಲಿ ದೂರದ ಬೆಟ್ಟದಲ್ಲಿ ಇದು ಒಂಬತ್ತು ಅಡಿಯಷ್ಟಾಗುತ್ತದೆ. ಬಳೆಯ ಎದುರುಬದುರು ಅಂಚುಗಳಲ್ಲಿ ಸೂಕ್ಷ್ಮದರ್ಶಕಗಳನ್ನಿಟ್ಟು ಎರಡು ಓದುಗಳ ಸರಾಸರಿಯನ್ನು ತೆಗೆದುಕೊಂಡರೆ ಈ ದೋಷವು ಕಳೆದುಹೋಗುತ್ತದೆ. ಆದರೆ ಬಳೆಯೇ ಸೊಟ್ಟಗಾಗಿ, ಅರಗಳೇ ಬಾಗಿದಾಗ ಸರಾಸರಿಯಿಂದ ಪ್ರಯೋಜನವಿಲ್ಲ. ಅದು ಆಗ ವೃತ್ತವೇ ಅಲ್ಲ. ಅದಕ್ಕೆ ನಡುಬಿಂದುವೇ ಇಲ್ಲ.

ಇಂಗ್ಲೆಂಡಿನಿಂದ ಹೊಸದನ್ನು ತರಿಸುವುದೆಂದರೆ ವರ್ಷಗಳ ಮಾತು. ಲ್ಯಾಂಬ್ಟನ್ನನು ಯಂತ್ರದೊಡನೆ ಒಂದು ಗುಡಾರದಲ್ಲಿ ಸೇರಿಕೊಂಡು, ಕೆಲಸಗಾರರ ಹೊರತು ಬೇರೆ ಯಾರನ್ನೂ ಒಳಕ್ಕೆ ಬಿಡದೆ, ಸುಮಾರು ಆರು ವಾರ ಕುಳಿತನು. ದೊಡ್ಡ ಚಪ್ಪಟೆ ಹಲಗೆಯ ಮೇಲೆ ವೃತ್ತವು ಮೊದಲಿದ್ದ ಸರಿಯಾದ ಅಳತೆಯಲ್ಲಿ ಒಂದು ವೃತ್ತವನ್ನು ಕೊರೆಸಿದನು. ಸೊಟ್ಟ ಬಳೆಯನ್ನು ಅದರ ಮೇಲಿಟ್ಟು, ಬೆಣೆ, ತಿರುಪು, ರಾಟೆಗಳಿಂದ ಎಳೆ ಎಳೆಯಾಗಿ ಹೊರಕ್ಕೆ ಎಳೆಯುತ್ತ, ಕೊರೆದ ವೃತ್ತಕ್ಕೆ ಸರಿಹೊಂದಿಸಿದನು. ಬಾಗಿದ ಅರಗಳನ್ನು ಸಣ್ಣ ಮರದ ಕೊಡತಿಗಳಿಂದ ಮೆಲ್ಲಮೆಲ್ಲನೆ ತಟ್ಟಿ ನೆಟ್ಟಗೆ ಮಾಡಿಸಿ, ಮೊದಲಿನ ಉದ್ದಕ್ಕೆ ತಂದನು. ಆರು ವಾರಗಳ ಕೊನೆಗೆ ವೃತ್ತವು ಬಹುಮಟ್ಟಿಗೆ ವೃತ್ತವಾಯಿತು, ನಡುಬಿಂದುವು ನಡುವಿಗೆ ಬಂತು. ಯಂತ್ರವು ಮತ್ತೆ ಬೆಟ್ಟವನ್ನೇರಿತು. ಆ ಯಂತ್ರವನ್ನು ಡೆಹ್ರಾಡೂನಿನಲ್ಲಿ ಭಾರತೀಯ ಸರ್ವೇಕ್ಷಣಾ ಇಲಾಖೆಯು ಕಾಪಾಡಿಕೊಂಡು ಬಂದಿದೆ.

ಈಗ ಅಯಸ್ಕಾಂತಗಳ ಮಾತಿಗೆ ಬರಬಹುದು. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರ ಹೆಸರನ್ನು ಹೊತ್ತ ಸಂಸ್ಥೆಯೊಂದು ಇಂದೋರಿನಲ್ಲಿದೆ. ಅಲ್ಲಿಯ ಇಂಡಸ್-2 ಎಂಬ ಯಂತ್ರದಲ್ಲಿ ಎಲೆಕ್ಟ್ರಾನುಗಳು ಸುಮಾರು 172 ಮೀಟರ್ ಸುತ್ತಳತೆಯ ಉಂಗುರದಲ್ಲಿ ಓಡುತ್ತವೆ. ಜಿನೀವಾ ನಗರದ ಬಳಿ ನೆಲದಡಿಯಲ್ಲಿರುವ ಯಂತ್ರದ ಸುತ್ತಳತೆ 27 ಕಿಲೋಮೀಟರ್. ಕಣಗಳ ಹರಿವನ್ನು ಬಾಗಿಸುವುದಕ್ಕೂ ಚದರದಂತೆ ಕೂಡಿಸುವುದಕ್ಕೂ ಸಾಲು ಸಾಲಾಗಿ ಅಯಸ್ಕಾಂತಗಳಿರುತ್ತವೆ. ಕೂಡಿಸುವ ಅಯಸ್ಕಾಂತಕ್ಕೆ ನಾಲ್ಕು ಧ್ರುವಗಳು. ಅವುಗಳ ನಟ್ಟನಡುವೆ ಕಾಂತಶಕ್ತಿಯು ಸೊನ್ನೆ. ಹರಿವು ಆ ಸೊನ್ನೆಯ ಮೂಲಕ ಹೋದರೆ ನೇರವಾಗಿ ಸಾಗುವುದು, ಪಕ್ಕಕ್ಕೆ ಸರಿದರೆ ಪೆಟ್ಟು ತಿಂದು ದಾರಿ ತಪ್ಪುವುದು. ಆದ್ದರಿಂದ ನೂರಾರು ಅಯಸ್ಕಾಂತಗಳ ನಡುಬಿಂದುಗಳನ್ನು ಒಂದು ಕೂದಲೆಳೆಯ ಆಜುಬಾಜಿನ ನಿಖರತೆಯಿಂದ ಒಂದೇ ಪಥದಲ್ಲಿ ನಿಲ್ಲಿಸಬೇಕು.

ತೊಡಕಿರುವುದು ಇಲ್ಲಿಯೇ. ನಡುಬಿಂದುವೆಂಬುದು ಬರಿಯ ಪೊಳ್ಳು ಜಾಗ. ಅಲ್ಲಿ ಗೀರು ಹಾಕಲಾಗದು, ಮೊಳೆ ಹೊಡೆಯಲಾಗದು. ಕಬ್ಬಿಣದ ಧ್ರುವಗಳನ್ನು ಅಳೆದು ಪಡೆದ ಯಾಂತ್ರಿಕ ನಡುಬಿಂದುವೂ ಕಾಂತಶಕ್ತಿಯು ನಿಜವಾಗಿ ಸೊನ್ನೆಯಾಗುವ ಬಿಂದುವೂ ಕೂದಲಷ್ಟು ಬೇರೆಯಾಗಿರಬಹುದು. ಆದ್ದರಿಂದ ಬಿಗಿದ ಸಣ್ಣ ತಂತಿಯನ್ನೋ ತಿರುಗುವ ಸುರುಳಿಯನ್ನೋ ಒಳಗೆ ತೂರಿಸಿ ಸೊನ್ನೆಯನ್ನು ಕಂಡುಹಿಡಿದು, ಅಯಸ್ಕಾಂತದ ಹೊರಮೈಯಲ್ಲಿ ಕೂರಿಸಿದ ಗುರುತುಗಳಿಂದ ಅದು ಎಷ್ಟು ದೂರದಲ್ಲಿದೆಯೆಂದು ಪ್ರತಿಯೊಂದಕ್ಕೂ ಬರೆದಿಡುತ್ತಾರೆ. ಕಾಣದ ಬಿಂದುವಿನ ಸಾಕ್ಷ್ಯವನ್ನು ಕಾಣುವ ಗುರುತಿಗೆ ವರ್ಗಾಯಿಸಿದಂತಾಯಿತು. ಬಳಿಕ ಮೋಜಣಿದಾರನು ಆ ಹೊರಗಿನ ಗುರುತುಗಳನ್ನು ನೋಡಿಯೇ ಒಳಗಿನ ನಡುವನ್ನು ಪಥಕ್ಕೆ ತರುತ್ತಾನೆ. ಬೆಟ್ಟದ ಬಂಡೆಯಲ್ಲಿ ಒಂದು ಚುಕ್ಕೆಯನ್ನು ಕೊರೆದು, ತೂಗುಗುಂಡನ್ನು ಇಳಿಬಿಟ್ಟು, ಅದರ ನೇರಕ್ಕೆ ಯಂತ್ರದ ಅಚ್ಚನ್ನು ನಿಲ್ಲಿಸುತ್ತಿದ್ದವರು ಮಾಡಿದ್ದೂ ಇದೇ. ಅಂದು ಉಕ್ಕಿನ ಸರಪಳಿ, ಇಂದು ಲೇಸರ್ ಕಿರಣ. ಅಂದು ಅಂಗುಲ, ಇಂದು ಮಿಲಿಮೀಟರಿನ ಹತ್ತನೆಯ ಭಾಗ. ಬಿಸಿಲಿನ ಹಿಗ್ಗುವಿಕೆಯನ್ನು ಅಂದಿನಂತೆ ಇಂದೂ ಲೆಕ್ಕಕ್ಕೆ ಹಿಡಿಯಲೇಬೇಕು. ನಮ್ಮೂರಿಗೆ 2021ರಲ್ಲಿ ಮೆಟ್ರೋ ರೈಲು ಬಂದಾಗ ಕಂಬಗಳ ನಡುವನ್ನು ಹಿಡಿದ ವಿದ್ಯೆಯೂ ಇದೇ ಮನೆತನದ್ದು.

ಲ್ಯಾಂಬ್ಟನ್ನನ ಉಳಿದ ಬದುಕನ್ನು ಬೇಗನೆ ಹೇಳಬಹುದು. 1809ರ ವೇಳೆಗೆ ಮಹಾಚಾಪವು ಕನ್ಯಾಕುಮಾರಿಯ ಸಮೀಪವನ್ನು ಮುಟ್ಟಿತು. 1815ರ ವೇಳೆಗೆ ಉತ್ತರದಲ್ಲಿ ಬೀದರಿನ ಬಳಿಗೆ ಹೋಯಿತು. ಸುಮಾರು ಹತ್ತು ಅಕ್ಷಾಂಶಗಳ ಉದ್ದದ ಈ ಚಾಪದಿಂದ ಭೂಮಿಯ ಆಕಾರದ ಲೆಕ್ಕಕ್ಕೆ ಬಹು ಬೆಲೆಯುಳ್ಳ ಸಾಮಗ್ರಿಯು ದೊರೆಯಿತು. 1817ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಆತನನ್ನು ಸದಸ್ಯನನ್ನಾಗಿ ಆರಿಸಿತು; ಫ್ರೆಂಚ್ ವಿಜ್ಞಾನ ಅಕಾಡೆಮಿಯೂ ಗೌರವಿಸಿತು. 1818ರಲ್ಲಿ ಜಾರ್ಜ್ ಎವರೆಸ್ಟನು ಸಹಾಯಕನಾಗಿ ಬಂದನು. ಆದರೆ ಲ್ಯಾಂಬ್ಟನ್ನನಿಗೆ ವಯಸ್ಸಾಗಿತ್ತು, ಕ್ಷಯರೋಗವು ಮೈಯನ್ನು ತಿನ್ನುತ್ತಿತ್ತು. ಮೋಜಣಿಯ ಠಾಣ್ಯವನ್ನು ಹೈದರಾಬಾದಿನಿಂದ ನಾಗಪುರಕ್ಕೆ ಒಯ್ಯುವ ದಾರಿಯಲ್ಲಿ, 1823ರ ಜನವರಿ 20ರಂದು, ಇಂದಿನ ಮಹಾರಾಷ್ಟ್ರದ ಹಿಂಗಣಘಾಟಿನಲ್ಲಿ ಆತನು ತೀರಿಕೊಂಡನು. ಅಲ್ಲಿಯೇ ಸಮಾಧಿಯಾಯಿತು. ಭಾರತಕ್ಕೆ ಬಂದ ಮೇಲೆ ಆತನು ತಾಯ್ನಾಡಿಗೆ ಹಿಂದಿರುಗಲೇ ಇಲ್ಲ. ಶಿಷ್ಯನ ಹೆಸರು ಪ್ರಪಂಚದ ಅತ್ಯುನ್ನತ ಶಿಖರಕ್ಕೆ ಸಂದಿತು. ಗುರುವಿನ ಹೆಸರನ್ನು ಬಲ್ಲವರು ವಿರಳ.

ಇಂತಹ ಬದುಕನ್ನು ನಾವು ಹೇಗೆ ತೂಗಬೇಕು? ಆತನು ನಮ್ಮ ನಾಡನ್ನು ಗೆದ್ದವರ ಸೇವಕ. ಆತನ ತ್ರಿಕೋನಗಳ ಮೇಲೆ ಕಂಪನಿಯ ಕಂದಾಯವೂ ದಂಡೂ ನಡೆದವು. ಗೋಪುರಗಳನ್ನೂ ದುರ್ಗಗಳನ್ನೂ ಹತ್ತಿ ದುರ್ಬೀನು ಹೂಡುವವರನ್ನು ಜನರು ಸಂಶಯದಿಂದ ಕಂಡರೆ ಅದು ಅಜ್ಞಾನವಲ್ಲ. ಅರ್ಧ ಟನ್ನಿನ ಯಂತ್ರವನ್ನು ಬೆಟ್ಟದಿಂದ ಬೆಟ್ಟಕ್ಕೆ ಹೊತ್ತವರು, ಕಾಡು ಕಡಿದು ನೋಟಕ್ಕೆ ದಾರಿ ಮಾಡಿದವರು, ಜ್ವರ ಬಂದು ದಾರಿಯಲ್ಲಿ ಸತ್ತವರು ನಮ್ಮಂತಹ ಹಳ್ಳಿಗಳ ಜನರು. ತಂಜಾವೂರಿನ ಗುಡಾರದಲ್ಲಿ ಕೊಡತಿ ಹಿಡಿದು ಅರಗಳನ್ನು ತಟ್ಟಿದ ಕೈಗಳು ಯಾರವೆಂದು ಯಾರೂ ಬರೆದಿಡಲಿಲ್ಲ. ಅಂಗುಲದ ಭಾಗವನ್ನೂ ಬಿಡದೆ ಬರೆದವರು ಆ ಹೆಸರುಗಳನ್ನು ಬಿಟ್ಟರು. ಮಹಾಮೋಜಣಿಯ ಲೆಕ್ಕದಲ್ಲಿ ಇಂದಿಗೂ ತಿದ್ದಲಾಗದೆ ಉಳಿದ ದೋಷವೆಂದರೆ ಇದು.

ಆದರೂ ಆತನ ಒಂದು ಗುಣವು ನಮ್ಮದಾಗಬೇಕೆಂದು ನನಗೆ ಅನ್ನಿಸುತ್ತದೆ. ಯಂತ್ರವು ಕೆಟ್ಟಾಗ ಅಂಕಿಗಳನ್ನು ತಿರುಚಿ ಹೊಂದಿಸಿಕೊಳ್ಳಲಿಲ್ಲ, ಯಂತ್ರವನ್ನೇ ತಿದ್ದಿದನು. ತಿದ್ದುವಾಗ ಕಣ್ಣಂದಾಜಿಗೆ ಬಿಡದೆ, ಮೊದಲು ಸರಿಯಾದ ವೃತ್ತವನ್ನು ಹಲಗೆಯ ಮೇಲೆ ಕೊರೆದುಕೊಂಡನು. ಸರಿಯಾದದ್ದು ಎದುರಿಗಿಲ್ಲದೆ ಸೊಟ್ಟವನ್ನು ನೆಟ್ಟಗೆ ಮಾಡುವುದು ಹೇಗೆ? ಕಲಾವಿಭಾಗದ ವಿದ್ಯಾರ್ಥಿಗಳಾದ ನಮಗೆ ಈ ವಿಷಯ ಹೊರಗಿನದೆಂದು ಕೆಲವರು ಹೇಳಬಹುದು. ಚರಿತ್ರೆಯನ್ನು ಓದುವವನಿಗೂ ಆಡಳಿತಕ್ಕೆ ಹೋಗುವವನಿಗೂ ನಾಳೆ ಪಾಠ ಹೇಳುವವನಿಗೂ ಇದೇ ಪ್ರಶ್ನೆಯು ಎದುರಾಗುವುದೆಂದು ನಾನು ನಂಬಿದ್ದೇನೆ.

ಬೆಂಗಳೂರಿನಲ್ಲಿ ಈ ಮಹಾಮೋಜಣಿಯ ಗುರುತುಗಳು ಒಂದೊಂದಾಗಿ ಅಳಿಯುತ್ತಿವೆ. 1868ರ ಆಧಾರರೇಖೆಗಾಗಿ ನಗರದ ಈಶಾನ್ಯದ ಕಣ್ಣೂರು ಗ್ರಾಮದಲ್ಲಿ ಕಟ್ಟಿದ್ದ ವೀಕ್ಷಣಾಲಯವನ್ನು 2024ರಲ್ಲಿ ಯಾರೋ ಕೆಡವಿಹಾಕಿದರು. ಬಾಂದುಕಲ್ಲು ಕಿತ್ತವನಿಗೆ ನಮ್ಮ ಹಳ್ಳಿಗಳಲ್ಲಿ ಶಾಪವಿದೆ. ನಾಡಿನ ಬಾಂದುಕಲ್ಲನ್ನು ಕಿತ್ತರೆ ಕೇಳುವವರಿಲ್ಲ. ನಮ್ಮ ಕಾಲೇಜಿನ ಇತಿಹಾಸ, ಭೂಗೋಳ ಸಂಘಗಳು ರಜೆಯ ದಿನಗಳಲ್ಲಿ ಬಾಣಸವಾಡಿಯಿಂದ ಅಗರದವರೆಗೆ ಒಮ್ಮೆ ನಡೆದು, ಆ ಹಳೆಯ ರೇಖೆಯ ಆಸುಪಾಸಿನಲ್ಲಿ ಇಂದು ಏನಿದೆಯೆಂದು ಬರೆದಿಟ್ಟರೂ ಒಳ್ಳೆಯದೇ. ಏಳೂವರೆ ಮೈಲಿಯಷ್ಟು ನಡಿಗೆ. ಲ್ಯಾಂಬ್ಟನ್ನನಿಗೆ ಎರಡು ತಿಂಗಳು ಹಿಡಿಯಿತು. ನಮಗೆ ಒಂದು ಭಾನುವಾರ ಸಾಕು.